ಮನೆ ಸಾಲಕ್ಕೂ ಮೊದಲು ಬೇಕಾದ ದುಡ್ಡು

ಕಡಿಮೆ ಸಂಬಳದ ಕುಟುಂಬಕ್ಕೆ ಸ್ವಂತ ಮನೆಯ ದಾರಿಯಲ್ಲಿ ಮೊದಲು ಎದುರಾಗುವುದು ಕಂತು ಕಟ್ಟುವ ಚಿಂತೆಯಲ್ಲ, ಸಾಲ ಸಿಗುವುದಕ್ಕೂ ಮುಂಚೆ ಕೈಯಲ್ಲಿರಬೇಕಾದ ಎಂಟು-ಒಂಬತ್ತು ಲಕ್ಷದ ಚಿಂತೆ. ಅದು ಹೇಗೆ ಕೂಡುತ್ತದೆ, ಎಲ್ಲಿ ಕರಗುತ್ತದೆ?

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರು ಮಷಿನ್ ಬಿಟ್ಟು ರಸ್ತೆಗಿಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಸಂಚಾರ ನಿಂತುಹೋಯಿತು. ಬಂದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಸಿಟ್ಟಿಗೆ ಕಾರಣ ಪಿಎಫ್‌ನ ಒಂದು ನಿಯಮ. ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷದ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತ್ತು. ಪ್ರತಿಭಟನೆಯ ಎರಡನೇ ದಿನವೇ ಅದನ್ನು ವಾಪಸ್ ಪಡೆಯಿತು.

ಮುಪ್ಪಿನಲ್ಲಿ ಒಟ್ಟಿಗೆ ಸಿಗುವ ಹಣಕ್ಕೆ ಈಗಲೇ ಯಾಕಿಷ್ಟು ಅವಸರ ಎಂದು ಆಗ ಕೇಳಿದವರಿದ್ದರು. ಇಪ್ಪತ್ತೈದು, ಮೂವತ್ತರ ವಯಸ್ಸಿನಲ್ಲಿ ದಿನವಿಡೀ ಹೊಲಿಗೆ ಮಷಿನ್ ಮುಂದೆ ಕೂರುವವರಿಗೆ ಪಿಎಫ್ ಎಂದರೆ ಮಕ್ಕಳ ಫೀಸು, ತಂಗಿಯ ಮದುವೆ, ಊರಲ್ಲೊಂದು ಸೈಟು, ಮನೆಯ ಪಾಯ. ಸಂಬಳ ಕೈಗೆ ಬರುವ ಮೊದಲೇ ಕಡಿತವಾಗುವುದರಿಂದ ಖರ್ಚಾಗದೆ ಉಳಿದ ಗಂಟು ಅದೊಂದೇ.

ಕಡಿಮೆ ಸಂಬಳದವರಿಗೆ ಉಳಿಸುವುದು ಗೊತ್ತಿಲ್ಲ, ಅವರಿಗೆ ಹೇಳಿಕೊಡಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಚೀಟಿ, ಸಂಘ, ಪಿಗ್ಮಿ, ಒಂದು ಜೊತೆ ಓಲೆ, ಹೀಗೆ ಏನಾದರೊಂದು ಇಲ್ಲದ ಮನೆ ಸಿಗುವುದೇ ಅಪರೂಪ. ಆ ಉಳಿತಾಯ ಮನೆಯಾಗಿ ನಿಲ್ಲದಿರುವುದಕ್ಕೆ ಬೇರೆ ಕಾರಣಗಳಿವೆ. ಒಟ್ಟು ಎಷ್ಟು ಬೇಕೆಂಬ ಪೂರ್ತಿ ಲೆಕ್ಕವನ್ನು ಯಾರೂ ಮೊದಲೇ ಹೇಳುವುದಿಲ್ಲ. ಕೂಡಿದ ದುಡ್ಡು ಭದ್ರವಾದ ಜಾಗದಲ್ಲಿ ಇರುವುದಿಲ್ಲ. ಇದ್ದರೂ ಕೊನೆಯ ಗಳಿಗೆಯಲ್ಲಿ ಕಾಗದಪತ್ರ ಸರಿಯಿಲ್ಲದ ಸೈಟಿಗೆ ಹೋಗಿಬಿಡುತ್ತದೆ. ಈ ಮೂರನ್ನೂ ಸರಿಪಡಿಸಿಕೊಂಡರೆ ಸಣ್ಣ ಸಂಬಳದಲ್ಲೂ ಮನೆ ಸಾಧ್ಯ ಎಂಬುದನ್ನು ಅಂಕಿಗಳಲ್ಲೇ ನೋಡೋಣ.

ನಿಜವಾಗಿ ಎಷ್ಟು ಬೇಕು?

ಲೆಕ್ಕಕ್ಕೆಂದು ಒಂದು ಕುಟುಂಬವನ್ನು ಇಟ್ಟುಕೊಳ್ಳೋಣ. ಪೀಣ್ಯದ ಕಾರ್ಖಾನೆಯಲ್ಲಿ ಗಂಡನಿಗೆ 24 ಸಾವಿರ ಸಂಬಳ, ಅದರಲ್ಲಿ ಮೂಲ ವೇತನ 15 ಸಾವಿರ. ಹೆಂಡತಿಗೆ ಗಾರ್ಮೆಂಟ್ಸ್‌ನಲ್ಲಿ 13 ಸಾವಿರ. ಪಿಎಫ್, ಇಎಸ್‌ಐ ಕಡಿತವಾಗಿ ಇಬ್ಬರಿಂದ ಮನೆಗೆ ಬರುವುದು ಸುಮಾರು 33,500 ರೂಪಾಯಿ. ಬಾಡಿಗೆ ಎಂಟು ಸಾವಿರ. ಅವರು ನೋಡುತ್ತಿರುವುದು ನಗರದ ಹೊರವಲಯದ 25 ಲಕ್ಷದ ಸಣ್ಣ ಹೊಸ ಫ್ಲ್ಯಾಟ್.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಮೌಲ್ಯದ ಶೇ 90ರವರೆಗೂ ಕೊಡಬಹುದು. 30ರಿಂದ 75 ಲಕ್ಷದ ಸಾಲಕ್ಕೆ ಈ ಮಿತಿ ಶೇ 80, ಅದಕ್ಕೂ ಮೇಲಿನದಕ್ಕೆ ಶೇ 75. ಜಾಹೀರಾತುಗಳು ಎತ್ತಿ ಹಿಡಿಯುವುದು ಈ ಶೇ 90ನ್ನೇ. ‘ಹತ್ತು ಪರ್ಸೆಂಟ್ ಹಾಕಿ, ಮನೆ ನಿಮ್ಮದು’ ಎನ್ನುತ್ತಾರೆ. ಹಾಗಾದರೆ ಎರಡೂವರೆ ಲಕ್ಷ ಇದ್ದರೆ ಸಾಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ ಬ್ಯಾಂಕು ಮನೆಯ ಬೆಲೆಯ ಜೊತೆಗೆ ಸಂಬಳವನ್ನೂ ನೋಡುತ್ತದೆ. ಇಪ್ಪತ್ತೆರಡೂವರೆ ಲಕ್ಷ ಸಾಲಕ್ಕೆ ಶೇ 8ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು 18,800 ರೂಪಾಯಿ ದಾಟುತ್ತದೆ, ಅಂದರೆ ಮನೆಗೆ ಬರುವ ಹಣದ ಅರ್ಧಕ್ಕಿಂತ ಹೆಚ್ಚು. ಅಷ್ಟು ಸಾಲ ಮಂಜೂರಾಗುವುದು ಕಷ್ಟ. ಆದರೂ ಯಾರೋ ಓಡಾಡಿ ಮಾಡಿಸಿಕೊಟ್ಟರೆ ಮಗುವಿಗೆ ಜ್ವರ ಬಂದ ತಿಂಗಳು ಕಂತು ತಪ್ಪುತ್ತದೆ. ಈ ಕುಟುಂಬ ಹೊರಬಲ್ಲ ಕಂತು ಹದಿನೈದು ಸಾವಿರ. ಈಗ ಬಾಡಿಗೆ ಮತ್ತು ಉಳಿತಾಯಕ್ಕೆ ಹೋಗುತ್ತಿರುವುದೂ ಹೆಚ್ಚುಕಡಿಮೆ ಅಷ್ಟೇ. ಹದಿನೈದು ಸಾವಿರಕ್ಕೆ ಸಿಗುವುದು 18 ಲಕ್ಷದ ಸಾಲ. ಉಳಿದ ಏಳು ಲಕ್ಷ ಕೈಯಿಂದ ಬರಬೇಕು.

ಸಣ್ಣ ಸಂಬಳದವರು ಮೊದಲು ತಿಳಿದುಕೊಳ್ಳಬೇಕಾದ್ದು ಇದನ್ನೇ. ಅವರ ಮುಂಗಡವನ್ನು ನಿರ್ಧರಿಸುವುದು ಶೇ 10ರ ನಿಯಮವಲ್ಲ. ಮನೆಯ ಬೆಲೆಯಿಂದ ತಮ್ಮ ಸಂಬಳ ಹೊರಬಲ್ಲ ಸಾಲವನ್ನು ಕಳೆದರೆ ಉಳಿಯುವುದೇ ಅವರ ಮುಂಗಡ. ಇದು ದೊಡ್ಡ ಮೊತ್ತವೆಂದು ಅನ್ನಿಸಿದರೂ ಇದರಲ್ಲಿ ಲಾಭವಿದೆ. ಇದೇ ಬಡ್ಡಿಯಲ್ಲಿ ಒಂದು ಲಕ್ಷ ಸಾಲಕ್ಕೆ 20 ವರ್ಷದಲ್ಲಿ ಒಟ್ಟು ಎರಡು ಲಕ್ಷ ಕಟ್ಟಬೇಕಾಗುತ್ತದೆ. ಕೈಯಿಂದ ಹಾಕಿದ ಪ್ರತಿ ಲಕ್ಷವೂ ಆ ಎರಡು ಲಕ್ಷವನ್ನು ತಪ್ಪಿಸುತ್ತದೆ.

ಇದರ ಮೇಲೆ ನೋಂದಣಿ ಖರ್ಚು. ಕರ್ನಾಟಕದಲ್ಲಿ ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಬೆಲೆ 20 ಲಕ್ಷದೊಳಗಿದ್ದರೆ ಮುದ್ರಾಂಕ ಶುಲ್ಕ ಶೇ 2, 45 ಲಕ್ಷದವರೆಗೆ ಶೇ 3. ಸೈಟಿಗೆ, ಹಳೆಯ ಮನೆಗೆ ಶೇ 5. ನಗರ ಪ್ರದೇಶದಲ್ಲಿ ಈ ಶುಲ್ಕದ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ 12 ಬೀಳುತ್ತದೆ. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ನಮ್ಮ 25 ಲಕ್ಷದ ಫ್ಲ್ಯಾಟಿಗೆ ಇದೆಲ್ಲ ಸೇರಿ 1,34,000 ರೂಪಾಯಿ. ಅದೇ ಬೆಲೆಯ ಸೈಟು ಅಥವಾ ಹಳೆಯ ಮನೆಯಾದರೆ 1,90,000. ಹತ್ತು ಲಕ್ಷದೊಳಗಿನ ಮನೆ ಬಿಟ್ಟರೆ, ಸಾಲದ ಮಿತಿ ಲೆಕ್ಕ ಹಾಕುವಾಗ ಈ ಖರ್ಚನ್ನು ಬ್ಯಾಂಕು ಮನೆಯ ಬೆಲೆಗೆ ಸೇರಿಸಿಕೊಳ್ಳುವಂತಿಲ್ಲ. ಪೂರ್ತಿ ನಮ್ಮ ಜೇಬಿನಿಂದಲೇ ಹೋಗಬೇಕು.

ಕಟ್ಟಡ ಇನ್ನೂ ಏಳುತ್ತಿದ್ದರೆ ಈ ದರದ ಸಣ್ಣ ಫ್ಲ್ಯಾಟಿಗೆ ಶೇ 1 ಜಿಎಸ್‌ಟಿ ಇದೆ. ಕಟ್ಟಡ ಮುಗಿದು ಸ್ವಾಧೀನಪತ್ರ ಬಂದಿದ್ದರೆ ಜಿಎಸ್‌ಟಿ ಇಲ್ಲ. ಬ್ಯಾಂಕಿನ ಪ್ರೊಸೆಸಿಂಗ್ ಫೀ, ವಕೀಲರ ಲೀಗಲ್ ಒಪಿನಿಯನ್, ಪತ್ರ ಬರೆಯುವವರ ಫೀಸು, ಖಾತಾ ಬದಲಾವಣೆ, ಅಡುಗೆಮನೆಗೊಂದು ಶೆಲ್ಫು, ಸಾಮಾನು ಸಾಗಣೆ, ಇವಕ್ಕೆಲ್ಲ ಎಪ್ಪತ್ತೈದು ಸಾವಿರದಿಂದ ಒಂದು ಲಕ್ಷ ಬದಿಗಿಡುವುದು ಕ್ಷೇಮ. ಅಲ್ಲಿಗೆ ಒಟ್ಟು ಒಂಬತ್ತು ಲಕ್ಷ ದಾಟಿತು. ಸಂಖ್ಯೆ ಹೆದರಿಸುತ್ತದೆ, ನಿಜ. ಆದರೂ ಅದನ್ನು ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದವರಿಗೆ ಟೋಕನ್ ಕೊಟ್ಟ ಮೇಲೆ ಮೀಟರ್ ಬಡ್ಡಿಯವನ ಮನೆ ಬಾಗಿಲಿಗೆ ಹೋಗಬೇಕಾದ ಪ್ರಸಂಗ ಕಡಿಮೆ.

ಕೈಗೆ ಬರುವ ಮೊದಲೇ ಹೋಗಬೇಕು

ದುಡ್ಡು ಉಳಿಸುವ ವಿಧಾನಕ್ಕೆ ನಾವು ಬೇರೆಡೆ ನೋಡಬೇಕಿಲ್ಲ. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುತ್ತಿದ್ದ ನೇಕಾರರು, ಸಣ್ಣ ವ್ಯಾಪಾರಿಗಳು ಹಾಗೆ ಠೇವಣಿದಾರರಾದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ‘ಪಿಗ್ಮಿ ಕಟ್ಟೋದು’ ಮಾತ್ರ ಇವತ್ತಿಗೂ ನಮ್ಮ ಊರುಗಳ ದಿನಚರಿಯ ಭಾಗ.

ಸಂಜೆ ಯಾವುದೇ ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ನಿಂತು ನೋಡಿ. ಪಿಗ್ಮಿ ಕಲೆಕ್ಟರ್ ಬೈಕ್ ನಿಲ್ಲಿಸಿ ಹೂವಿನ ಅಂಗಡಿಯ ಮುಂದೆ ಬರುತ್ತಾರೆ. ಅಂಗಡಿಯಾಕೆ ಮಾಲೆ ಕಟ್ಟುತ್ತಲೇ ಗಲ್ಲಾದಿಂದ ನೂರರ ಎರಡು ನೋಟು ತೆಗೆದುಕೊಡುತ್ತಾರೆ. ಕೈಯಲ್ಲಿನ ಸಣ್ಣ ಮಷಿನ್ ಚೀಟಿ ಹೊರಹಾಕುತ್ತದೆ, ಅದು ಗಲ್ಲಾದ ಮೂಲೆಗೆ ಸೇರುತ್ತದೆ. ಎಲ್ಲ ಮುಗಿಯಲು ಒಂದು ನಿಮಿಷ ಸಾಕು. ಇವತ್ತು ಉಳಿಸೋಣವೇ ಬೇಡವೇ ಎಂಬ ಚರ್ಚೆಗೆ ಅಲ್ಲಿ ಜಾಗವೇ ಇಲ್ಲ. ಪಿಎಫ್ ಉಳಿದಿರುವುದೂ ಇದೇ ಕಾರಣಕ್ಕೆ. ದುಡ್ಡು ಮನೆಗೆ ಬಂದ ಮೇಲೆ ಅದಕ್ಕೆ ಹತ್ತು ದಾರಿ ಹುಟ್ಟುತ್ತವೆ.

ಆದ್ದರಿಂದ ದುಡಿಮೆಯ ತಾಳಕ್ಕೆ ತಕ್ಕ ಉಳಿತಾಯ ಆರಿಸಿಕೊಳ್ಳಬೇಕು. ದಿನದ ದುಡಿಮೆಯವರಿಗೆ ಪಿಗ್ಮಿ ಸರಿ. ಆದರೆ ಪಿಗ್ಮಿಗೆ ಬಡ್ಡಿ ಕಡಿಮೆ, ಅವಧಿಗೆ ಮುಂಚೆ ಮುರಿದರೆ ಇನ್ನೂ ಕಡಿಮೆ. ವರ್ಷಕ್ಕೊಮ್ಮೆ ಅದನ್ನು ಎಫ್‌ಡಿಗೆ ಹಾಕಿದರೆ ದುಡ್ಡು ಬೆಳೆಯುತ್ತದೆ. ತಿಂಗಳ ಸಂಬಳದವರು ಸಂಬಳ ಬೀಳುವ ದಿನದ ಮರುದಿನವೇ ಕಡಿತವಾಗುವಂತೆ ಆರ್‌ಡಿ ಮಾಡಿಸಬೇಕು. ವರ್ಷಕ್ಕೊಮ್ಮೆ ಬರುವ ಬೋನಸ್, ಫಸಲಿನ ಹಣ, ಗಂಟಾಗಿ ಬರುವ ಯಾವುದಿದ್ದರೂ ಅದೇ ವಾರ ಎಫ್‌ಡಿ ಆಗಬೇಕು.

ಇದಕ್ಕೂ ಮೊದಲು ಎರಡು ಕೆಲಸ ಮುಗಿದಿರಬೇಕು. ಮೊದಲನೆಯದು ದುಬಾರಿ ಸಾಲ. ಕೈಸಾಲ ನೂರಕ್ಕೆ ಮೂರರ ಬಡ್ಡಿಯದ್ದಾದರೆ ವರ್ಷಕ್ಕೆ ಶೇ 36 ಆಯಿತು. ಒಂದು ಕಡೆ ಶೇ 36 ಕೊಡುತ್ತ ಇನ್ನೊಂದು ಕಡೆ ಶೇ 6.7ಕ್ಕೆ ಆರ್‌ಡಿ ಕಟ್ಟುವುದೆಂದರೆ ತಳ ತೂತಾದ ಕೊಡಕ್ಕೆ ನೀರು ಸೇದಿದ ಹಾಗೆ. ವಾರದ ಕಂತಿನ ಸಾಲ, ಕೈಸಾಲ ತೀರಿದ ಮೇಲೆ ಅದೇ ಕಂತಿನ ಹಣವನ್ನು ಆರ್‌ಡಿಗೆ ತಿರುಗಿಸಿ. ಕಟ್ಟುವ ಅಭ್ಯಾಸ ಹೇಗೂ ಆಗಿರುತ್ತದೆ.

ಎರಡನೆಯದು ಆಸ್ಪತ್ರೆ. ಮನೆಗೆಂದು ಇಟ್ಟ ಗಂಟನ್ನು ಒಂದೇ ವಾರದಲ್ಲಿ ಒಡೆಸುವ ಶಕ್ತಿ ಕಾಯಿಲೆಗಿದೆ. ತಿಂಗಳಿಗೆ 21 ಸಾವಿರದೊಳಗೆ ಸಂಬಳ ಇರುವವರಿಗೆ ಇಎಸ್‌ಐ ಇದೆ. ನಮ್ಮ ಉದಾಹರಣೆಯಲ್ಲಿ ಗಂಡ ಅದರಿಂದ ಹೊರಗಿದ್ದರೂ ಹೆಂಡತಿಯ ಇಎಸ್‌ಐ ಕಾರ್ಡಿನಲ್ಲಿ ಗಂಡ, ಮಕ್ಕಳ ಹೆಸರು ಸೇರಿಸಬಹುದು. ಅದನ್ನು ಮಾಡಿಸದೆ ಬಿಟ್ಟವರು ಬಹಳ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ದುಡಿಯುವವರ ಹೆಸರಿನಲ್ಲಿ ವರ್ಷಕ್ಕೆ 436 ರೂಪಾಯಿಯ ಜೀವನಜ್ಯೋತಿ, 20 ರೂಪಾಯಿಯ ಸುರಕ್ಷಾ ವಿಮೆ ಇರಲಿ. ಇವುಗಳ ಜೊತೆಗೆ ಎರಡು ತಿಂಗಳ ಖರ್ಚಿನಷ್ಟು ಹಣ ಬೇರೆ ಖಾತೆಯಲ್ಲಿದ್ದರೆ ಮನೆಯ ಗಂಟಿಗೆ ಕೈ ಹಾಕುವ ಪ್ರಸಂಗ ಬರುವುದು ಅಪರೂಪ.

ಐದು ವರ್ಷದ ಲೆಕ್ಕ

ಈಗ ಆ ಕುಟುಂಬದ ಐದು ವರ್ಷ ನೋಡೋಣ. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ 2023ರ ಅಕ್ಟೋಬರಿನಿಂದ ಶೇ 6.7 ಬಡ್ಡಿ ನಿಗದಿಯಾಗಿದೆ. ಸರ್ಕಾರ ಪ್ರತಿ ತ್ರೈಮಾಸಿಕಕ್ಕೂ ಹೊಸ ದರ ಪ್ರಕಟಿಸುತ್ತದೆ, ಆದರೆ ಖಾತೆ ತೆರೆದ ದಿನದ ದರ ಕೊನೆಯವರೆಗೂ ಬದಲಾಗುವುದಿಲ್ಲ. ತಿಂಗಳಿಗೆ ಐದು ಸಾವಿರ ಕಟ್ಟಿದರೆ ಐದು ವರ್ಷದ ಕೊನೆಗೆ ಕೈಗೆ ಬರುವುದು 3,56,830 ರೂಪಾಯಿ.

2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಬರುತ್ತದೆ. ಒಮ್ಮೊಮ್ಮೆ ತಡವಾಗಿ, ಎರಡು ತಿಂಗಳದ್ದು ಒಟ್ಟಿಗೆ ಬರುವುದೂ ಇದೆ. ಈ ಹಣ ಎಷ್ಟೋ ಮನೆಗಳಲ್ಲಿ ರೇಷನ್ನಿಗೆ, ಗ್ಯಾಸಿಗೆ ಬೇಕೇಬೇಕು. ಅಷ್ಟು ಬಿಗಿ ಇಲ್ಲದ ಮನೆಯಲ್ಲಿ ಯಜಮಾನಿಯ ಹೆಸರಿನಲ್ಲೇ ಇನ್ನೊಂದು ಆರ್‌ಡಿ ಮಾಡಿದರೆ ಐದು ವರ್ಷಕ್ಕೆ 1,42,732 ರೂಪಾಯಿ ಆಗುತ್ತದೆ.

ಬೋನಸ್ ಕಾನೂನಿನ ಪ್ರಕಾರ ಕನಿಷ್ಠ ಶೇ 8.33, ಅಂದರೆ ಹೆಚ್ಚುಕಡಿಮೆ ಒಂದು ತಿಂಗಳ ಮೂಲ ವೇತನ. ಇಬ್ಬರದೂ ಸೇರಿ ವರ್ಷಕ್ಕೆ 25 ಸಾವಿರ ಎಫ್‌ಡಿಗೆ ಹೋದರೆ ಐದು ವರ್ಷಕ್ಕೆ ಬಡ್ಡಿ ಸೇರಿ 1.4 ಲಕ್ಷದಷ್ಟು.

ಇನ್ನು ಪಿಎಫ್. ಹೆಂಡತಿಯ ಪೇಸ್ಲಿಪ್ ತೆಗೆದು ನೋಡಿದರೆ ಪಿಎಫ್ ಎದುರು 1,560 ರೂಪಾಯಿ ಎಂದಿರುತ್ತದೆ. ಅದು ಅವರ ಪಾಲು ಮಾತ್ರ. ಕಂಪನಿಯೂ ಅಷ್ಟೇ ಕಟ್ಟುತ್ತದೆ, ಆದರೆ ಅದರಲ್ಲಿ ದೊಡ್ಡ ಭಾಗ ಪಿಂಚಣಿಗೆ ಹೋಗಿ ಪಿಎಫ್ ಖಾತೆಗೆ ಬರುವುದು ಸುಮಾರು 477. ಹೀಗೆ ಅವರ ಖಾತೆಗೆ ತಿಂಗಳಿಗೆ 2,037, ಗಂಡನ ಖಾತೆಗೆ 2,350 ಸೇರುತ್ತದೆ. 2024–25ರಲ್ಲಿ ಪಿಎಫ್ ಬಡ್ಡಿ ಶೇ 8.25. ಅದೇ ದರ ಮುಂದುವರಿದರೆ ಐದು ವರ್ಷಕ್ಕೆ ಇಬ್ಬರದೂ ಸೇರಿ 3.2 ಲಕ್ಷದ ಹತ್ತಿರ. ಖಾತೆಯಲ್ಲಿ ಶೇ 25ರಷ್ಟನ್ನು ಉಳಿಸಿ ಮಿಕ್ಕದ್ದನ್ನು ತೆಗೆಯಲು ಅವಕಾಶ ಕೊಡುವ ತೀರ್ಮಾನವನ್ನು ಇಪಿಎಫ್‌ಒ ಮಂಡಳಿ 2025ರ ಅಕ್ಟೋಬರಿನಲ್ಲಿ ಮಾಡಿತು. ಆ ಲೆಕ್ಕದಲ್ಲಿ ಮನೆಗೆ 2.4 ಲಕ್ಷ ಸಿಗುತ್ತದೆ.

ಕೆಲಸ ಬದಲಿಸಿದಾಗಲೆಲ್ಲ ಪಿಎಫ್ ತೆಗೆದುಬಿಡುವುದು ಗಾರ್ಮೆಂಟ್ಸ್, ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸಗಳಲ್ಲಿ ಸಾಮಾನ್ಯ. ಹಾಗೆ ತೆಗೆದ ಮೂವತ್ತು, ನಲವತ್ತು ಸಾವಿರ ಯಾವ ಕೆಲಸಕ್ಕೂ ಸಾಲದೆ ಕರಗುತ್ತದೆ. ಹಳೆಯ ಖಾತೆಯನ್ನು ಅದೇ ಯುಎಎನ್ ನಂಬರಿಗೆ ವರ್ಗಾಯಿಸಿಕೊಂಡು ಹೋದರೆ ಮನೆಯ ಹೊತ್ತಿಗೆ ದೊಡ್ಡ ಮೊತ್ತವಾಗಿ ಸಿಗುತ್ತದೆ. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ತಾರೀಕು ಪಿಎಫ್ ದಾಖಲೆಗೆ ಹೊಂದುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ. ಇನಿಷಿಯಲ್ ಒಂದು ಹೆಚ್ಚುಕಡಿಮೆ ಇದ್ದರೂ ಅರ್ಜಿ ವಾಪಸ್ ಬರುವುದುಂಟು.

ಇದೆಲ್ಲ ಕೂಡಿದರೆ 8.8 ಲಕ್ಷ. ಇದರ ಜೊತೆ ಬಾಡಿಗೆ ಮನೆಯ ಅಡ್ವಾನ್ಸ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಡುವ ಪದ್ಧತಿ ಇರುವುದರಿಂದ ಎಂಬತ್ತು ಸಾವಿರ ಮಾಲೀಕರ ಹತ್ತಿರ ಇರುತ್ತದೆ. ಪೇಂಟಿಂಗಿಗೆಂದು ಒಂದು ತಿಂಗಳದ್ದು ಹಿಡಿದುಕೊಂಡರೂ 72 ಸಾವಿರ ವಾಪಸ್ ಬರುತ್ತದೆ. ಮನೆ ಖಾಲಿ ಮಾಡಿದ ಮೇಲೆ ಮಾತ್ರ ಸಿಗುವ ಈ ಹಣವನ್ನು ಕೊನೆಯ ಖರ್ಚುಗಳಿಗೆ ಇಟ್ಟುಕೊಳ್ಳಬೇಕು. ಅಲ್ಲಿಗೆ ಒಂಬತ್ತೂವರೆ ಲಕ್ಷ.

ಐದು ವರ್ಷದಲ್ಲಿ ಮನೆಯ ಬೆಲೆಯೂ ಏರುತ್ತದೆ ಎಂಬ ಆಕ್ಷೇಪ ಸರಿಯೇ. ಹಾಗಾಗಿ ಸಂಬಳ ಏರಿದಾಗಲೆಲ್ಲ ಅದರ ಅರ್ಧವನ್ನಾದರೂ ಹೊಸ ಆರ್‌ಡಿಗೆ ಹಾಕಬೇಕು. ಆಗ ಕಂತು ಹೊರುವ ಶಕ್ತಿಯೂ ಜೊತೆಗೇ ಬೆಳೆಯುತ್ತದೆ. ಬೆಲೆ ಅದನ್ನೂ ಮೀರಿ ಹೋದರೆ ಮನೆಯನ್ನು ಒಂದು ಕೋಣೆಯಷ್ಟು ಚಿಕ್ಕದಾಗಿಸುವುದು, ಇಲ್ಲವೇ ಇನ್ನೂ ಒಂದು ವರ್ಷ ಕಾಯುವುದು ಮೇಲು. ಕೊರತೆ ತುಂಬಲು ಪರ್ಸನಲ್ ಲೋನ್ ತೆಗೆದರೆ ಆ ಕಂತನ್ನೂ ಬ್ಯಾಂಕು ಲೆಕ್ಕ ಹಿಡಿದು ಮನೆ ಸಾಲವನ್ನೇ ಇಳಿಸುತ್ತದೆ.

ಚೀಟಿ, ಷೇರು, ಚಿನ್ನ, ಸೊಸೈಟಿ

ಚೀಟಿಯನ್ನು ಹೀಗಳೆಯುವವರು ಅದರ ಉಪಯೋಗ ಅರಿತವರಲ್ಲ. ಇಪ್ಪತ್ತು ಜನ ಐದೈದು ಸಾವಿರ ಹಾಕಿದರೆ ತಿಂಗಳಿಗೆ ಒಂದು ಲಕ್ಷ. ಅವಸರ ಇದ್ದವರು 25 ಸಾವಿರ ಬಿಟ್ಟು ಕೂಗಿ 75 ಸಾವಿರ ಎತ್ತುತ್ತಾರೆ. ಬಿಟ್ಟ ಹಣದಲ್ಲಿ ನಡೆಸುವವರ ಕಮಿಷನ್ ಕಳೆದು ಉಳಿದದ್ದು ಎಲ್ಲರಿಗೂ ಹಂಚಿಕೆ. ಮೊದಲು ಎತ್ತುವವರು ಸಾಲ ಪಡೆದಂತೆ, ಕೊನೆಗೆ ಎತ್ತುವವರು ಉಳಿಸಿದಂತೆ. ಮನೆಗೆ ಕೂಡಿಸುವವರು ಕೊನೆಯವರೆಗೆ ಕಾಯಬೇಕು, ಕೊನೆಯವರೆಗೆ ಕಾಯುವವರಿಗೇ ಅಪಾಯವೂ ಹೆಚ್ಚು. ಬೀದಿಯಲ್ಲಿ ನಂಬಿಕೆಯ ಮೇಲೆ ನಡೆಯುವ ಚೀಟಿ ಮುಳುಗಿದರೆ ಮೊದಲು ಎತ್ತಿದವರು ಪಾರು, ಕಾದವರಿಗೆ ನಷ್ಟ.

1982ರ ಚಿಟ್ ಫಂಡ್ಸ್ ಕಾಯ್ದೆಯಡಿ ನೋಂದಾಯಿತ ಚೀಟಿಗೆ ಸರ್ಕಾರದ ರಿಜಿಸ್ಟ್ರಾರ್ ಇದ್ದಾರೆ, ನಡೆಸುವವರು ಭದ್ರತಾ ಠೇವಣಿ ಇಡಬೇಕು, ಕಮಿಷನ್ ಶೇ 7 ಮೀರುವಂತಿಲ್ಲ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಕಟ್ಟುವುದಾದರೆ ಅಂಥದ್ದನ್ನೇ ಕಟ್ಟಬೇಕು.

ಮ್ಯೂಚುವಲ್ ಫಂಡ್‌ನ ಎಸ್‌ಐಪಿ ಇಂದು ಎಲ್ಲರ ಬಾಯಲ್ಲಿದೆ. ಹತ್ತು, ಹದಿನೈದು ವರ್ಷ ಮುಟ್ಟದ ಹಣಕ್ಕೆ ಅದು ಒಳ್ಳೆಯದಿರಬಹುದು. ಮೂರು, ನಾಲ್ಕು ವರ್ಷದಲ್ಲಿ ಬೇಕಾಗುವ ಮುಂಗಡವನ್ನು ಷೇರಿನಲ್ಲಿ ಇಡಬಾರದು. 2020ರ ಜನವರಿಯಲ್ಲಿ 42 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಮಾರ್ಚ್ 23ರಂದು 26 ಸಾವಿರದ ಕೆಳಗೆ ಮುಗಿಯಿತು. ಆ ವಾರ ನೋಂದಣಿ ಇಟ್ಟುಕೊಂಡಿದ್ದವರಿಗೆ ‘ಮುಂದೆ ಏರುತ್ತದೆ’ ಎಂಬ ಸಮಾಧಾನದಿಂದ ಏನು ಪ್ರಯೋಜನ? ಚಿನ್ನದ ವಿಷಯದಲ್ಲಿ ಒಂದೇ ಮಾತು: ಒಡವೆಯಾಗಿ ಕೊಂಡರೆ ಮಜೂರಿ, ಜಿಎಸ್‌ಟಿ ಮಾರುವಾಗ ವಾಪಸ್ ಬರುವುದಿಲ್ಲ. ಮನೆಯಲ್ಲಿರುವ ಒಡವೆ ಕಷ್ಟಕಾಲಕ್ಕಿರಲಿ.

ಒಂದು ಪರ್ಸೆಂಟ್ ಹೆಚ್ಚು ಬಡ್ಡಿಗೆ ಮರುಳಾಗುವುದೂ ಮುಂಗಡಕ್ಕೆ ಅಪಾಯ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಠೇವಣಿದಾರರಿಗೆ ಮೊದಲಿಗೆ ತೆಗೆಯಲು ಬಿಟ್ಟದ್ದು 35 ಸಾವಿರ ಮಾತ್ರ. ಅದಾದ ಮುಂದಿನ ತಿಂಗಳು ಬ್ಯಾಂಕ್ ಠೇವಣಿ ವಿಮೆಯನ್ನು ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಲಾಯಿತು. ಈ ವಿಮೆ ಬ್ಯಾಂಕುಗಳಿಗೆ ಮಾತ್ರ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಯಲ್ಲಿಟ್ಟ ಹಣಕ್ಕೆ ಇದು ಅನ್ವಯಿಸುವುದಿಲ್ಲ. ಮನೆಯ ಗಂಟು ಒಂದು ಬ್ಯಾಂಕಿನಲ್ಲಿ ಐದು ಲಕ್ಷ ಮೀರದಿರಲಿ, ಉಳಿದದ್ದು ಅಂಚೆ ಕಚೇರಿಯಲ್ಲಿರಲಿ.

ಭೋಗ್ಯಕ್ಕೆ ಹೋಗಬಹುದೇ?

ನಾಲ್ಕೈದು ಲಕ್ಷ ಕೂಡುತ್ತಿದ್ದಂತೆ ಬೆಂಗಳೂರಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬಾಡಿಗೆ ಮನೆ ಬಿಟ್ಟು ಭೋಗ್ಯದ ಮನೆ, ಅಂದರೆ ಲೀಸಿಗೆ ಹೋಗಬಾರದೇ? ಆರು ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಹೊರಡುವಾಗ ಅಷ್ಟೂ ವಾಪಸ್ ಪಡೆಯುವ ವ್ಯವಸ್ಥೆ ಇದು. ಎಂಟು ಸಾವಿರ ಬಾಡಿಗೆ ಉಳಿದರೆ ವರ್ಷಕ್ಕೆ 96 ಸಾವಿರ, ಆರು ಲಕ್ಷದ ಮೇಲೆ ಶೇ 16ರಷ್ಟಾಯಿತು. ಯಾವ ಠೇವಣಿಯೂ ಇಷ್ಟು ಕೊಡುವುದಿಲ್ಲ. ಉಳಿದ ಬಾಡಿಗೆಯನ್ನು ತಪ್ಪದೆ ಆರ್‌ಡಿಗೆ ಕಟ್ಟಿದರೆ ಗುರಿ ಒಂದು ವರ್ಷದಷ್ಟು ಹತ್ತಿರ ಬರುತ್ತದೆ.

ಅಪಾಯವೂ ಅಷ್ಟೇ ದೊಡ್ಡದು. ಮಾಲೀಕರು ಭೋಗ್ಯಕ್ಕೆ ಕೊಡುವುದು ಸಾಮಾನ್ಯವಾಗಿ ಅವರಿಗೆ ಒಟ್ಟಿಗೆ ಹಣ ಬೇಕಾದಾಗ. ಆ ಮನೆ ಮೊದಲೇ ಬ್ಯಾಂಕಿಗೆ ಅಡವಿದ್ದು ಕಂತು ನಿಂತರೆ ಬ್ಯಾಂಕು ಅದನ್ನು ಹರಾಜಿಗಿಡುತ್ತದೆ. ಒಳಗಿರುವವರ ಆರು ಲಕ್ಷ ಬ್ಯಾಂಕಿನ ಬಾಕಿಯ ಹಿಂದೆ ನಿಲ್ಲಬೇಕಾಗುತ್ತದೆ. ಹೋಗುವ ಮೊದಲು ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ ಅಡಮಾನ ಇದೆಯೇ ನೋಡಬೇಕು. ಒಂದು ವರ್ಷ ಮೀರಿದ ಕರಾರುಪತ್ರ ನೋಂದಣಿ ಆಗಲೇಬೇಕೆಂಬುದು ಕಾನೂನು. ನೂರು ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಹನ್ನೊಂದು ತಿಂಗಳಿಗೆಂದು ಬರೆದು ಮೂರು ವರ್ಷ ಇರಿ ಎನ್ನುವವರಿಗೆ ಐದು ವರ್ಷದ ದುಡಿಮೆಯನ್ನು ಒಪ್ಪಿಸಬೇಡಿ.

ಮುಂಗಡ ಕೊಡುವ ದಿನ

ಅತಿ ಹೆಚ್ಚು ಮುಂಗಡ ಮುಳುಗುವುದು ಅಗ್ಗದ ಸೈಟಿನಲ್ಲಿ. ಭೂ ಪರಿವರ್ತನೆ ಆಗದ, ಬಡಾವಣೆಗೆ ಮಂಜೂರಾತಿ ಇಲ್ಲದ ರೆವಿನ್ಯೂ ಸೈಟು ಪಕ್ಕದ ಸಕ್ರಮ ಬಡಾವಣೆಗಿಂತ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತದೆ. ಕೊಂಡ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ, ಕಟ್ಟಲು ಮತ್ತೆ ಕೈಸಾಲ. ಮಾರೋಣವೆಂದರೆ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ಜಿಪಿಎ ಮಾಡಿಕೊಟ್ಟರೆ ಸಾಕು ಎನ್ನುವ ಬ್ರೋಕರ್ ಮಾತಿಗೆ ಬೆಲೆಯಿಲ್ಲ. ಜಿಪಿಎ ಮೂಲಕ ಸ್ಥಿರಾಸ್ತಿಯ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಇನ್ನೊಂದು ಬಲೆ ಬ್ಲ್ಯಾಕ್ ಹಣ. 25 ಲಕ್ಷದ ಮನೆಯನ್ನು 18 ಲಕ್ಷಕ್ಕೆ ನೋಂದಣಿ ಮಾಡಿಸಿ, ಏಳು ಲಕ್ಷ ಕ್ಯಾಶ್ ಕೊಡಿ, ಶುಲ್ಕ ಉಳಿಯುತ್ತದೆ ಎನ್ನುತ್ತಾರೆ. ಬ್ಯಾಂಕು ಸಾಲ ಕೊಡುವುದು ಪತ್ರದಲ್ಲಿರುವ ಬೆಲೆಗೆ. 18 ಲಕ್ಷದ ಶೇ 90 ಎಂದರೆ 16.2 ಲಕ್ಷ. ಹಾಗಾಗಿ ಕೈಯಿಂದ ಹಾಕಬೇಕಾದ ಹಣ ಏಳರಿಂದ ಸುಮಾರು ಒಂಬತ್ತು ಲಕ್ಷಕ್ಕೆ ಏರುತ್ತದೆ. ವ್ಯವಹಾರ ಮುರಿದರೆ ಆ ಕ್ಯಾಶಿಗೆ ದಾಖಲೆಯೂ ಇಲ್ಲ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ. ಸಣ್ಣ ಸಂಬಳದ ಖರೀದಿದಾರರ ಹಿತವಿರುವುದು ಪೂರ್ತಿ ಬಿಳಿ ವ್ಯವಹಾರದಲ್ಲೇ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಬ್ಯಾಂಕಿನಲ್ಲಿ ಎಷ್ಟು ಸಾಲ ಸಿಗುತ್ತದೆಂದು ಬರವಣಿಗೆಯಲ್ಲಿ ತಿಳಿದುಕೊಳ್ಳಿ. ಕಾಗದಪತ್ರಗಳ ನಕಲು ಪಡೆದು, ನಿಮ್ಮದೇ ವಕೀಲರಿಗೆ ತೋರಿಸಿ. ಬಿಲ್ಡರ್ ಫ್ಲ್ಯಾಟಾದರೆ ರೇರಾ ನೋಂದಣಿ ನೋಡಿ. 2016ರ ರೇರಾ ಕಾಯ್ದೆಯಂತೆ, ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಬ್ಯಾಂಕ್ ಸಾಲ ಸಿಗದಿದ್ದರೆ ಅಡ್ವಾನ್ಸ್ ವಾಪಸ್ ಎಂಬ ಒಂದು ಸಾಲನ್ನು ಅಗ್ರಿಮೆಂಟಿನಲ್ಲಿ ಬರೆಸಿ. ‘ನಾಳೆ ಬೇರೆ ಪಾರ್ಟಿ ಬರ್ತಾರೆ, ಇವತ್ತೇ ಟೋಕನ್ ಕೊಡಿ’ ಎಂದು ಅವಸರಿಸುವವರಿಗೆ ಕಾಗದ ಓದುವಷ್ಟು ಸಮಯ ಕೊಡಿ ಎಂದು ಧೈರ್ಯವಾಗಿ ಹೇಳಿ. ಅದನ್ನೂ ಕೊಡದವರ ಮನೆ ಕೈತಪ್ಪಿದರೆ ನಷ್ಟವೇನಿಲ್ಲ.

ಸರ್ಕಾರ ಎಲ್ಲಿ ಕೈಹಿಡಿಯಬೇಕು?

ಕುಟುಂಬ ಇಷ್ಟೆಲ್ಲ ಮಾಡಬೇಕಾದರೆ ಸರ್ಕಾರದ ಪಾಲೇನು? ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರಲ್ಲಿ ಬಡ್ಡಿ ಸಹಾಯಧನವಿದೆ. ದೇಶದಲ್ಲೆಲ್ಲೂ ಪಕ್ಕಾ ಮನೆ ಇಲ್ಲದ, ವರ್ಷಕ್ಕೆ ಒಂಬತ್ತು ಲಕ್ಷದವರೆಗೆ ಆದಾಯ ಇರುವ ಕುಟುಂಬ, 35 ಲಕ್ಷದವರೆಗಿನ ಮನೆಗೆ 25 ಲಕ್ಷದವರೆಗೆ ಸಾಲ ಪಡೆದರೆ, ಮೊದಲ ಎಂಟು ಲಕ್ಷಕ್ಕೆ ಶೇ 4ರ ಲೆಕ್ಕದಲ್ಲಿ ಗರಿಷ್ಠ 1.80 ಲಕ್ಷ ಸಿಗುತ್ತದೆ. ನಮ್ಮ ಉದಾಹರಣೆಯ ಕುಟುಂಬಕ್ಕೂ ಅರ್ಹತೆ ಇದೆ, ಅರ್ಜಿ ಹಾಕಲೇಬೇಕು. ಆದರೆ ಆ ಹಣ ಬರುವುದು ಐದು ವಾರ್ಷಿಕ ಕಂತುಗಳಲ್ಲಿ, ನೇರ ಸಾಲದ ಖಾತೆಗೆ, ಮನೆ ಕೊಂಡ ಮೇಲೆ. ಮುಂಗಡ ಕೂಡದೆ ನಿಂತವರಿಗೆ ಅದು ತಲುಪುವುದೇ ಇಲ್ಲ.

ಇನ್ನೊಂದು ಕಡೆ, ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದ್ದರಿಂದ 25 ಲಕ್ಷದ ಮನೆಗೆ ಬಿದ್ದ ಹೊರೆ 25 ಸಾವಿರ. ಐದು ಸಾವಿರದ ಆರ್‌ಡಿ ಕಟ್ಟುವ ಕುಟುಂಬಕ್ಕೆ ಅದು ಐದು ತಿಂಗಳ ಉಳಿತಾಯ. ಕೋಟಿ ರೂಪಾಯಿಯ ಮನೆ ಕೊಳ್ಳುವವರಿಗೂ ಇವರಿಗೂ ಶೇಕಡಾವಾರು ಒಂದೇ. ಮುದ್ರಾಂಕ ಶುಲ್ಕದ ರಿಯಾಯಿತಿಯೂ ಹೊಸ ಫ್ಲ್ಯಾಟಿಗಷ್ಟೇ ಸೀಮಿತ. ತುಮಕೂರಿನಲ್ಲೋ ದಾವಣಗೆರೆಯಲ್ಲೋ ಸಣ್ಣ ಸೈಟು, ಹಳೆಯ ಮನೆ ಕೊಳ್ಳುವವರು ಪೂರ್ತಿ ಶೇ 5 ಕೊಡಬೇಕು. ಜಿಲ್ಲಾ ಊರುಗಳಲ್ಲಿ ಸಣ್ಣ ಸಂಬಳದವರು ಹೆಚ್ಚಾಗಿ ಕೊಳ್ಳುವುದು ಇಂಥವನ್ನೇ.

ಮೊದಲ ಮನೆ ಕೊಳ್ಳುವ, ಬೇರೆಲ್ಲೂ ಆಸ್ತಿ ಇಲ್ಲದ ಕುಟುಂಬಕ್ಕೆ 30 ಲಕ್ಷದವರೆಗಿನ ಸೈಟು, ಹಳೆಯ ಮನೆ, ಫ್ಲ್ಯಾಟು ಯಾವುದಿದ್ದರೂ ಒಂದೇ ರಿಯಾಯಿತಿ ದರ ಇರಲಿ, ಹಳೆಯ ಶೇ 1ರ ನೋಂದಣಿ ಶುಲ್ಕ ಮತ್ತೆ ಬರಲಿ. ಆವಾಸ್ ಸಹಾಯಧನದ ಮೊದಲ ಕಂತಾದರೂ ನೋಂದಣಿಯ ದಿನವೇ ಸಿಗಲಿ. ಇದಕ್ಕೆ ಹೊಸ ನಿಗಮ ಬೇಡ, ಹೊಸ ಕಚೇರಿ ಬೇಡ. ಆಸ್ತಿಯ ಮಾಹಿತಿ ಇ-ಖಾತಾದಲ್ಲಿದೆ, ನೋಂದಣಿಯ ಮಾಹಿತಿ ಕಾವೇರಿ ತಂತ್ರಾಂಶದಲ್ಲಿದೆ. ಯಾರದು ಮೊದಲ ಮನೆ ಎಂದು ಪತ್ತೆ ಮಾಡಲು ಅವೆರಡನ್ನು ಜೋಡಿಸಿದರೆ ಬಹುಮಟ್ಟಿಗೆ ಸಾಕು. ತಿಂಗಳಿಗೆ ಐದು ಸಾವಿರದಂತೆ ಐದು ವರ್ಷ ತಪ್ಪದೆ ಕಟ್ಟಿದ ಕುಟುಂಬ ತನ್ನ ಪಾಲಿನ ಕೆಲಸ ಮುಗಿಸಿದೆ. ಉಳಿದ ಪಾಲಿಗೆ ಬೇಕಿರುವುದು ಮುಂದಿನ ಬಜೆಟ್ಟಿನಲ್ಲಿ ಒಂದು ತಿದ್ದುಪಡಿ, ಅದನ್ನು ಕೇಳುವ ಹಕ್ಕು ಈ ಕುಟುಂಬಗಳಿಗಿದೆ.